ಮಳೆ ಸದ್ದು ನಿಲ್ಲಿಸುತ್ತೇವೆಂದು ಕಿಟಕಿಯ ನೀರಿನ ತೂತು ಮುಚ್ಚಿಬಿಡುತ್ತಾರೆ, ಎಚ್ಚರ

ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ, ಅದರ ಮೇಲೊಂದು ಪಾಲಿಕಾರ್ಬನೇಟ್ (ಬೆಳಕು ಹಾಯುವ ಪ್ಲಾಸ್ಟಿಕ್) ಶೀಟಿನ ಸಜ್ಜಾ ಇರುವವರು ದಯವಿಟ್ಟು ಇದನ್ನು ಓದಿ.

ಮಳೆ ಬಂದರೆ ನಮ್ಮ ಮಲಗುವ ಕೋಣೆಯಲ್ಲಿ ತಮಟೆ ಬಡಿದ ಹಾಗೆ ಸದ್ದು. ಸರಿಮಾಡಲು ಬಂದವರು "ಸಂದುಗಳಿಂದ ಸದ್ದು ಒಳಗೆ ಬರ್ತಿದೆ ಸರ್, ಎಲ್ಲ ಪ್ಯಾಕ್ ಮಾಡಿಬಿಡ್ತೀವಿ" ಎಂದು ಚೌಕಟ್ಟಿನ ಸುತ್ತ ಫೋಮ್ ತುಂಬಿ, ಸಿಲಿಕೋನ್ ಅಂಟು ಬಳಿದು ಹೋದರು. ಮುಂದಿನ ಜೋರು ಮಳೆಗೆ ಸದ್ದು ಇದ್ದಷ್ಟೇ ಇತ್ತು. ನೀರು ಮಾತ್ರ ಕಿಟಕಿ ಸರಿಯುವ ಟ್ರ್ಯಾಕಿನಲ್ಲಿ ತುಂಬಿ ಒಳಗೋಡೆಯ ಮೇಲೆ ಇಳಿಯಿತು. ಬಣ್ಣ ಬೊಬ್ಬೆ ಎದ್ದಿತು, ಮಂಚದ ಕಾಲು ಉಬ್ಬಿತು.

ಕೆಳ ಚೌಕಟ್ಟಿನ ಹೊರಮೈಯಲ್ಲಿ ಉಗುರಗಲದ ಸೀಳುಗಳಿರುತ್ತವೆ, ಕೆಲವಕ್ಕೆ ಪುಟ್ಟ ಮುಚ್ಚಳವೂ ಇರುತ್ತದೆ. ಟ್ರ್ಯಾಕಿಗೆ ಬಂದ ಮಳೆನೀರು ಹೊರಹೋಗಲೆಂದೇ ಅವನ್ನು ಬಿಟ್ಟಿರುತ್ತಾರೆ. ಅವರು ಫೋಮ್ ತುಂಬಿದ್ದು ಅಲ್ಲಿಗೂ! ಈಗಲೇ ಒಂದು ಲೋಟ ನೀರನ್ನು ಟ್ರ್ಯಾಕಿಗೆ ಹುಯ್ದು ನೋಡಿ, ಹೊರಗೆ ಸುರಿಯಬೇಕು.

ನಮ್ಮಲ್ಲಿ ಸದ್ದಿನ ಮೂಲ ಸಜ್ಜಾ. ಹನಿ ಬಿದ್ದಾಗ ತೆಳು ಶೀಟು ಅದುರುತ್ತದೆ, ಆ ಅದುರು ಸ್ಕ್ರೂ, ಬ್ರಾಕೆಟ್‌ಗಳ ಮೂಲಕ ಗೋಡೆಗೆ ದಾಟುತ್ತದೆ. ಬೇರೆಯವರನ್ನು ಕರೆಸಿ ಶೀಟಿಗೂ ಬ್ರಾಕೆಟ್ಟಿಗೂ ನಡುವೆ ರಬ್ಬರ್ ಕೊಡಿಸಿ, ಶೀಟಿನ ಅಡಿಗೆ ಬ್ಯುಟೈಲ್ (ರಬ್ಬರಿನಂಥ ಮೆತ್ತನೆಯ) ಅಂಟಿನ ದಪ್ಪ ಹಾಳೆ ಅಂಟಿಸಿದ ಮೇಲೆ ಸದ್ದು ಎಷ್ಟೋ ತಗ್ಗಿತು. ಬೆಳಕು ಸ್ವಲ್ಪ ಕಡಿಮೆಯಾಯಿತು, ಜಡಿಮಳೆ ಈಗಲೂ ಕೇಳಿಸುತ್ತದೆ, ಆದರೆ ನಿದ್ದೆ ಬರುತ್ತದೆ.

ಸ್ಕ್ರೂ ಬಿಗಿಯುವಾಗ ಪಕ್ಕದಲ್ಲೇ ನಿಂತಿರಿ. ಪಾಲಿಕಾರ್ಬನೇಟ್ ಬಿಸಿಲಿಗೆ ಹಿಗ್ಗುತ್ತದೆ: 2 ಮೀಟರ್ ಶೀಟು 40 ಡಿಗ್ರಿ ಏರಿಳಿತಕ್ಕೆ ಸುಮಾರು 5 ಮಿಲಿಮೀಟರ್. ಶೀಟಿನ ತೂತು ಸ್ಕ್ರೂಗಿಂತ ದೊಡ್ಡದಿರಬೇಕು, ಇಲ್ಲವಾದರೆ ಶೀಟು ಸೀಳುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್, ಥಿನ್ನರ್ ಎರಡೂ ಅದಕ್ಕೆ ಆಗಿಬರುವುದಿಲ್ಲ, ಆ ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕೋನ್ ಕೇಳಿ ತರಿಸಿ.

ಈಗಾಗಲೇ ಫೋಮ್ ತುಂಬಿಸಿದ್ದರೆ ಸೀಳಿನೊಳಗಿನದನ್ನು ತೆಳು ಬ್ಲೇಡಿನಿಂದ ಕೊರೆದು ತೆಗೆಸಿ. "ಪಕ್ಕದಲ್ಲೇ ಹೊಸ ತೂತು ಹೊಡೀತೀವಿ" ಅಂದರೆ ಒಪ್ಪಬೇಡಿ. ಚೌಕಟ್ಟಿನೊಳಗೆ ಬಲಕ್ಕೆಂದು ಉಕ್ಕಿನ ಪಟ್ಟಿ ಇಟ್ಟಿರುವ ಬೇರೆ ಪೊಳ್ಳು ಜಾಗ ಇರುತ್ತದೆ. ಡ್ರಿಲ್ ಅಲ್ಲಿಗೆ ತಾಗಿದರೆ ನೀರು ನುಗ್ಗಿ ಉಕ್ಕು ತುಕ್ಕು ಹಿಡಿಯುತ್ತದೆ.