ಹಳೆಯ ಕಾರಿನ ಬ್ರೇಕ್ ಪ್ಯಾಡ್: ಮೂರು ಬಗೆಗಳನ್ನು ಬಳಸಿ ನೋಡಿದ ಮೇಲೆ

ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ, ಚಕ್ರಗಳು ಉರುಳದೆ ಲಾಕ್ ಆಗುವುದನ್ನು ತಡೆಯುವ ಎಬಿಎಸ್ ಇಲ್ಲದ ಹಳೆಯ ಕಾರೊಂದರಲ್ಲಿ ಸೆಮಿ ಮೆಟಾಲಿಕ್ (ಲೋಹ ಹೇರಳವಾಗಿರುವುದು), ಸೆರಾಮಿಕ್ ಮತ್ತು ಲೋ ಮೆಟಾಲಿಕ್ (ಲೋಹ ಕಡಿಮೆಯಿರುವುದು) ಎಂಬ ಮೂರು ಬಗೆಯ ಬ್ರೇಕ್ ಪ್ಯಾಡುಗಳನ್ನು ಒಂದರ ನಂತರ ಒಂದರಂತೆ ಬಳಸಿದ್ದೇನೆ. ಮೊದಲ ಎರಡನ್ನು ಪೂರ್ತಿ ಸವೆಯುವವರೆಗೂ ಓಡಿಸಿದೆ; ಮೂರನೆಯದು ಈಗ ಅರ್ಧಕ್ಕಿಂತ ಹೆಚ್ಚು ಸವೆದಿದೆ. ನನ್ನ ಅಭಿಪ್ರಾಯದಲ್ಲಿ ಹಳೆಯ ಕಾರಿಗೆ ಪ್ಯಾಡ್ ಆರಿಸುವವರು ಹೆಚ್ಚು ಹಿಡಿತ ಕೊಡುವುದನ್ನು ಹುಡುಕುವ ಬದಲು, ಕಾರು ತಯಾರಾದಾಗ ಇದ್ದ ಪ್ಯಾಡಿನ ಹಿಡಿತಕ್ಕೆ ಹತ್ತಿರವಾದುದನ್ನು ಹುಡುಕಬೇಕು.

ಇದಕ್ಕೆ ಕಾರಣ ಕಾರಿನ ವಿನ್ಯಾಸದಲ್ಲಿಯೇ ಇದೆ. ಹೊಸ ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಎಷ್ಟೆಷ್ಟು ಬ್ರೇಕ್ ಬಲ ಹೋಗಬೇಕೆಂಬುದನ್ನು ಎಲೆಕ್ಟ್ರಾನಿಕ್ ವ್ಯವಸ್ಥೆ ಕ್ಷಣಕ್ಷಣಕ್ಕೂ ತಿದ್ದುತ್ತಿರುತ್ತದೆ. ಹಳೆಯ ಕಾರುಗಳಲ್ಲಿ ಆ ಹಂಚಿಕೆಯನ್ನು ಸಾಮಾನ್ಯವಾಗಿ ಒಂದು ಯಾಂತ್ರಿಕ ವಾಲ್ವ್ ಮಾಡುತ್ತದೆ, ಮತ್ತು ಮುಂದೆ ಯಾವ ಪ್ಯಾಡ್ ಹಾಕಿದ್ದಾರೆಂಬುದು ಅದಕ್ಕೆ ತಿಳಿಯುವುದಿಲ್ಲ. ಮುಂದಿನ ಪ್ಯಾಡಿನ ಹಿಡಿತ ಮಾತ್ರ ಏರಿದರೆ ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರಗಳು ಬೇಗ ಲಾಕ್ ಆಗಿ ಸ್ಟಿಯರಿಂಗ್ ನಿಯಂತ್ರಣ ತಪ್ಪುತ್ತದೆ. ವಿಶ್ವಸಂಸ್ಥೆಯ ಆರ್90 ನಿಯಮವು ಬದಲಿ ಪ್ಯಾಡಿನ ಕಾರ್ಯಕ್ಷಮತೆ ಮೂಲ ಪ್ಯಾಡಿಗಿಂತ ಶೇಕಡಾ 15ಕ್ಕಿಂತ ಹೆಚ್ಚೂ ಇರಬಾರದು, ಕಡಿಮೆಯೂ ಇರಬಾರದು ಎನ್ನುವುದರ ಹಿಂದೆ ಇರುವ ತರ್ಕವೂ ಇದೇ. ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ಯಾಡಿನ ಹಿಂಬದಿಯ ಉಕ್ಕಿನ ತಗಡಿನ ಮೇಲೆ ವೃತ್ತದೊಳಗೆ ಇ ಅಕ್ಷರ, ಅನುಮೋದಿಸಿದ ದೇಶದ ಸಂಖ್ಯೆ ಮತ್ತು 90ಆರ್ ಎಂದು ಆರಂಭವಾಗುವ ಗುರುತು ಇರುತ್ತದೆ. ಡಬ್ಬಿಯ ಮೇಲಿನ ಯಾವ ಬಣ್ಣನೆಗಿಂತಲೂ ನಾನು ಈ ಗುರುತಿಗೆ ಹೆಚ್ಚು ಬೆಲೆ ಕೊಡುತ್ತೇನೆ.

ಪ್ಯಾಡಿನ ಅಂಚಿನಲ್ಲಿ ಇಇ, ಎಫ್‌ಎಫ್, ಜಿಜಿ ಎಂಬಂತಹ ಜೋಡಿ ಅಕ್ಷರಗಳೂ ಕಾಣುತ್ತವೆ. ಮೊದಲ ಅಕ್ಷರ ಸಾಧಾರಣ ತಾಪಮಾನದ ಘರ್ಷಣಾಂಕವನ್ನೂ (ಹಿಡಿತದ ಅಳತೆ) ಎರಡನೆಯದು ಬಿಸಿಯಾದಾಗಿನ ಘರ್ಷಣಾಂಕವನ್ನೂ ಸೂಚಿಸುತ್ತದೆ. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿನ ದರ್ಜೆಯದಾಗಿದ್ದರೆ ಬಿಸಿಯಲ್ಲಿ ಹಿಡಿತ ಕುಗ್ಗುತ್ತದೆ ಎಂದು ತಿಳಿಯಬಹುದು. ಆದರೆ ಈ ಅಂಕಿಗಳು ಒಂದಂಗುಲ ಚೌಕದ ತುಣುಕನ್ನು ಪ್ರಯೋಗಾಲಯದಲ್ಲಿ ಉಜ್ಜಿ ಪಡೆದಂಥವು. ಒಂದೇ ಜೋಡಿ ಅಕ್ಷರವಿರುವ ಎರಡು ಪ್ಯಾಡುಗಳು ಪೆಡಲ್ ಕೆಳಗೆ ಬೇರೆ ಬೇರೆಯಾಗಿಯೇ ವರ್ತಿಸಬಲ್ಲವು.

ಸೆಮಿ ಮೆಟಾಲಿಕ್ ಪ್ಯಾಡಿನ ಬಗ್ಗೆ ನನಗೆ ಮಿಶ್ರ ಭಾವನೆಯಿದೆ. ಉಕ್ಕಿನ ಎಳೆ, ಕಬ್ಬಿಣದ ಪುಡಿ ಮುಂತಾದ ಲೋಹಗಳು ಹೇರಳವಾಗಿರುವುದರಿಂದ ಉದ್ದನೆಯ ಇಳಿಜಾರಿನಲ್ಲಿ ಅದರ ಹಿಡಿತ ಕೊನೆಯವರೆಗೂ ಒಂದೇ ಸಮನಾಗಿ ಇರುತ್ತಿತ್ತು. ತಣ್ಣಗಿದ್ದಾಗ ಮಾತ್ರ ಮೊದಲ ಬ್ರೇಕು ಮಂಕು, ಜೊತೆಗೆ ಕಿರಿಕಿರಿ ಶಬ್ದ. ಲೋಹವು ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ. ಆ ಶಾಖ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಮೂಲಕ ಬ್ರೇಕ್ ಆಯಿಲ್‌ಗೂ ತಲುಪುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಆದರೆ ನೀರಿನಂಶ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆದ್ದರಿಂದ ಆಯಿಲ್ ಬದಲಿಸದೆ ಇಂಥ ಪ್ಯಾಡ್ ಹಾಕಿಸುವುದರಲ್ಲಿ ಅರ್ಥವಿಲ್ಲ.

ಅದಕ್ಕಿಂತ ದೊಡ್ಡ ತಕರಾರು ಡಿಸ್ಕಿನದು. ಈ ಪ್ಯಾಡ್ ಸವೆದು ಮುಗಿಯುವ ಹೊತ್ತಿಗೆ ಡಿಸ್ಕಿನ ಹೊರ ಅಂಚಿನಲ್ಲಿ ಉಗುರಿಗೆ ಸ್ಪಷ್ಟವಾಗಿ ತಡೆಯುವಂತಹ ಏಣು ಎದ್ದಿತ್ತು. ಗ್ಯಾರೇಜಿನಲ್ಲಿ ಸಾಮಾನ್ಯ ವರ್ನಿಯರ್ ಹಿಡಿದು ಅಳೆದಾಗ ಡಿಸ್ಕ್ ಇನ್ನೂ ದಪ್ಪವಾಗಿಯೇ ಇದೆಯೆಂದು ತೋರಿತು, ಏಕೆಂದರೆ ವರ್ನಿಯರಿನ ದವಡೆಗಳು ಸವೆಯದೆ ಉಳಿದ ಆ ಏಣಿನ ಮೇಲೆಯೇ ಕೂತಿದ್ದವು. ಮೈಕ್ರೋಮೀಟರನ್ನು ಏಣಿನಿಂದ ಒಳಕ್ಕೆ, ಪ್ಯಾಡ್ ಉಜ್ಜುವ ಪಟ್ಟಿಯ ಮಧ್ಯಕ್ಕೆ ತಂದು ಅಳೆದ ಮೇಲೆ, ಡಿಸ್ಕಿನ ಮೇಲೆಯೇ ಕೆತ್ತಿರುವ ಕನಿಷ್ಠ ದಪ್ಪದ ಹತ್ತಿರ ಬಂದಿರುವುದು ಗೊತ್ತಾಯಿತು. ಬಿಡಿಭಾಗ ಸುಲಭವಾಗಿ ಸಿಗದ ಕಾರಿನಲ್ಲಿ ಪ್ಯಾಡಿನ ಉಳಿತಾಯ ಡಿಸ್ಕಿನ ಖರ್ಚಿನಲ್ಲಿ ಕರಗಿಹೋಗುತ್ತದೆ.

ಸೆರಾಮಿಕ್ ಪ್ಯಾಡನ್ನು ಹೊಸ ಡಿಸ್ಕಿನೊಂದಿಗೆ ಹಾಕಿಸಿದೆ. ಸದ್ದಿಲ್ಲ, ಚಕ್ರದ ಮೇಲೆ ಕೂರುವ ಪುಡಿ ತೀರಾ ಕಡಿಮೆ, ಡಿಸ್ಕ್ ನುಣುಪಾಗಿಯೇ ಉಳಿಯಿತು. ಊರೊಳಗಿನ ಓಡಾಟಕ್ಕಷ್ಟೇ ಕಾರು ಬಳಸುವವರು ಇಲ್ಲಿಗೆ ಓದು ನಿಲ್ಲಿಸಿ ಇದನ್ನೇ ಕೊಳ್ಳಬಹುದು. ನನಗೆ ಒಗ್ಗದೇ ಇದ್ದದ್ದು ಪೆಡಲಿನ ಅನುಭವ. ಪೆಡಲ್ ಒತ್ತಿದಷ್ಟೂ ಬ್ರೇಕ್ ಹಿಡಿಯುತ್ತಿರುವುದು ಕಾಲಿಗೆ ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ, ಮತ್ತು ತುಂಬಿದ ಕಾರಿನಲ್ಲಿ ಇಳಿಜಾರು ಇಳಿಯುವಾಗ ಮೊದಲಿಗಿಂತ ಬಲವಾಗಿ ಒತ್ತಬೇಕಾಗುತ್ತಿತ್ತು. ಸೆರಾಮಿಕ್ ಎಂಬ ಹೆಸರು ಕೇಳಿದವರು ದುಬಾರಿ ಸ್ಪೋರ್ಟ್ಸ್ ಕಾರುಗಳ ಕಾರ್ಬನ್ ಸೆರಾಮಿಕ್ ಡಿಸ್ಕುಗಳನ್ನು ನೆನೆಸಿಕೊಳ್ಳುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಈಗ ಇರುವುದು ಆರ್90 ಗುರುತಿನ ಲೋ ಮೆಟಾಲಿಕ್ ಪ್ಯಾಡ್. ಕಪ್ಪು ಪುಡಿ ಚೆಲ್ಲುತ್ತದೆ, ಮಳೆಗಾಲದ ಬೆಳಿಗ್ಗೆ ಮೊದಲೆರಡು ಬ್ರೇಕಿಗೆ ಕೀಚಲು ಸದ್ದು ಮಾಡುತ್ತದೆ. ಈ ಎರಡು ದೂರುಗಳನ್ನು ಬಿಟ್ಟರೆ ಹೇಳುವಂಥದ್ದೇನೂ ಇಲ್ಲ. ತಣ್ಣಗಿರಲಿ ಬಿಸಿಯಾಗಿರಲಿ, ಕಾಲಿನ ಒತ್ತಡಕ್ಕೆ ತಕ್ಕ ಹಿಡಿತ ಸಿಗುತ್ತದೆ. ಡಿಸ್ಕಿನ ಸವೆತ ಸೆರಾಮಿಕ್‌ಗಿಂತ ಹೆಚ್ಚು, ಸೆಮಿ ಮೆಟಾಲಿಕ್‌ಗಿಂತ ಕಡಿಮೆ.

ಆದರೆ ಯಾವ ಪ್ಯಾಡ್ ಆದರೂ ಅದು ಕೂರುವ ಕ್ಯಾಲಿಪರ್ ಸರಿಯಿಲ್ಲದಿದ್ದರೆ ವಿಮರ್ಶೆಗೇ ಅರ್ಥವಿಲ್ಲ. ಹಳೆಯ ಪ್ಯಾಡುಗಳನ್ನು ಬಿಚ್ಚಿದಾಗ ಎಸೆಯದೆ ಜೋಡಿಸಿಟ್ಟು ನೋಡಬೇಕು. ಒಂದೇ ಚಕ್ರದ ಒಳ ಪ್ಯಾಡಿಗೂ ಹೊರ ಪ್ಯಾಡಿಗೂ ದಪ್ಪದಲ್ಲಿ ಬಹಳ ವ್ಯತ್ಯಾಸವಿದ್ದರೆ, ಅಥವಾ ಒಂದು ಪ್ಯಾಡ್ ಓರೆಯಾಗಿ ಸವೆದಿದ್ದರೆ, ಕ್ಯಾಲಿಪರ್ ಜಾರುವ ಪಿನ್ನುಗಳು ಬಿಗಿದುಕೊಂಡಿರುವ ಸಂಭವ ಹೆಚ್ಚು. ಪಿನ್ನುಗಳನ್ನು ತೆಗೆದು ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿಸಬೇಕು. ಪೆಟ್ರೋಲಿಯಂ ಮೂಲದ ಸಾಮಾನ್ಯ ಗ್ರೀಸು ರಬ್ಬರನ್ನು ಉಬ್ಬಿಸುತ್ತದೆ. ಹೊಸ ಪ್ಯಾಡಿನ ತಗಡಿನ ಕಿವಿಗಳು ತಾವು ಕೂರುವ ತೋಡಿನಲ್ಲಿ ಬೆರಳಿನಿಂದ ದೂಡಿದರೆ ಜಾರಬೇಕು. ಸುತ್ತಿಗೆ ಬೇಕಾಯಿತೆಂದರೆ ಅಲ್ಲಿ ತುಕ್ಕು ಕೂತಿದೆ ಎಂದೇ ಲೆಕ್ಕ. ಹಿಂದಿನ ಡ್ರಮ್ಮಿನ ಒಳಗೆ ಉಜ್ಜುವ ಶೂಗಳ ಅಂತರವನ್ನೂ ಇದೇ ಸಂದರ್ಭದಲ್ಲಿ ಸರಿಪಡಿಸಿಕೊಳ್ಳಬೇಕು, ಇಲ್ಲವಾದರೆ ಪೆಡಲ್ ಆಳಕ್ಕೆ ಹೋಗುತ್ತದೆ, ಮುಂದಿನ ಪ್ಯಾಡುಗಳು ಹಿಂದಿನವುಗಳ ಕೆಲಸವನ್ನೂ ಹೊತ್ತು ಬೇಗ ಸವೆಯುತ್ತವೆ.

ಹೊಸ ಪ್ಯಾಡ್ ಹಾಕಿದ ದಿನವೇ ಜೋರಾಗಿ ಬ್ರೇಕ್ ಹಾಕಿ ನೋಡುವ ಚಪಲ ಬೇಡ. ಖಾಲಿ ರಸ್ತೆಯಲ್ಲಿ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಿಂದ 10ಕ್ಕೆ ಮಧ್ಯಮ ಒತ್ತಡದಲ್ಲಿ ಹಲವು ಬಾರಿ ಇಳಿಸುತ್ತಾ, ನಡುನಡುವೆ ತಣ್ಣಗಾಗಲು ಬಿಡುವುದರಿಂದ ಪ್ಯಾಡಿನ ತೆಳುಪದರ ಡಿಸ್ಕಿನ ಮೇಲೆ ಸಮನಾಗಿ ಕೂರುತ್ತದೆ. ಬಿಸಿಯಾದ ಡಿಸ್ಕನ್ನು ನಿಂತಲ್ಲೇ ಒತ್ತಿ ಹಿಡಿದರೆ ಆ ಪದರ ಒಂದೆಡೆ ಮಾತ್ರ ದಪ್ಪವಾಗಿ ಅಂಟುತ್ತದೆ. ಮುಂದೆ ಪೆಡಲ್ ನಡುಗಿದಾಗ ಡಿಸ್ಕ್ ಬೆಂಡಾಗಿದೆ ಎನ್ನುವ ಮೆಕ್ಯಾನಿಕ್‌ಗಳು ಬಹಳ, ಆದರೆ ಎಷ್ಟೋ ಸಲ ಕಾರಣ ಈ ಅಸಮ ಪದರವೇ.

ಹಳೆಯ ಕಾರಿನವರಿಗೆ ವಿಶೇಷವಾಗಿ ಹೇಳಬೇಕಾದದ್ದು ವರ್ಷಗಟ್ಟಲೆ ಕಪಾಟಿನಲ್ಲಿ ಕೂತ ದಾಸ್ತಾನಿನ ಬಗ್ಗೆ. ಒರಿಜಿನಲ್ ಡಬ್ಬಿ ಸಿಕ್ಕಿತೆಂದು ಸಂತೋಷಪಡುವ ಮುನ್ನ ತಗಡಿಗೂ ಲೈನಿಂಗಿಗೂ (ಡಿಸ್ಕಿಗೆ ಉಜ್ಜುವ ಪದರ) ನಡುವಿನ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು. ಅಲ್ಲಿ ತುಕ್ಕು ಹೊಕ್ಕಿದ್ದರೆ ಲೈನಿಂಗ್ ತಗಡಿನಿಂದ ಬಿಟ್ಟುಕೊಳ್ಳುತ್ತದೆ. ತೀರಾ ಹಳೆಯ ಪ್ಯಾಡುಗಳಲ್ಲಿ, ಉಸಿರಿನೊಂದಿಗೆ ಒಳಹೋದರೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದೆ, ಹಾಗಾಗಿ ಬ್ರೇಕಿನ ಪುಡಿಯನ್ನು ಗಾಳಿ ಊದಿ ಸ್ವಚ್ಛಗೊಳಿಸಲು ಬಿಡಬಾರದು. ಒಂದೇ ಮಾದರಿಯ ಕಾರಿಗೆ ವರ್ಷದಿಂದ ವರ್ಷಕ್ಕೆ ಬೇರೆ ಕ್ಯಾಲಿಪರ್ ಬಂದಿರುವುದೂ ಉಂಟು. ಅಂಗಡಿಯಲ್ಲಿ ಕಾರಿನ ಹೆಸರು ಹೇಳುವುದಕ್ಕಿಂತ, ಬಿಚ್ಚಿದ ಪ್ಯಾಡಿನ ಹಿಂಬದಿಯಲ್ಲಿರುವ, ಪ್ಯಾಡಿನ ಬಗೆಯನ್ನು ಗುರುತಿಸುವ ಐದಂಕಿಯ ಡಬ್ಲ್ಯುವಿಎ ಸಂಖ್ಯೆಯನ್ನು ಓದಿ ಹೇಳುವುದು, ಆ ಸಂಖ್ಯೆ ಅಳಿಸಿಹೋಗಿದ್ದರೆ ಹಳೆಯ ಪ್ಯಾಡನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗುವುದು ಲೇಸು.