ಮಂಡ್ಯ–ಬೆಂಗಳೂರು ರೈಲು ಪಾಸ್: ಎಲ್ಲಿ ಬೇಕಾದರೂ ಇಳಿಯಬಹುದು, ಎಲ್ಲದಕ್ಕೂ ಹತ್ತುವಂತಿಲ್ಲ

ರೈಲು ಪಾಸ್ ಮಾಡಿಸುವವರೆಲ್ಲ ಮೊದಲು ನೋಡುವುದು ದುಡ್ಡಿನ ಉಳಿತಾಯವನ್ನೇ. ಮಾಸಿಕ ಸೀಸನ್ ಟಿಕೆಟ್ಟನ್ನು ಬಹಳ ಕಾಲ ಬಳಸಿದವರಿಗೆ ಅದರ ಇನ್ನೊಂದು ಗುಣ ಹೆಚ್ಚು ಹಿಡಿಸುತ್ತದೆ, ಅದರ ಬಗ್ಗೆ ಯಾರೂ ಹೇಳುವುದಿಲ್ಲ. ಪಾಸಿನ ಎರಡು ತುದಿಗಳ ನಡುವೆ ರೈಲು ನಿಲ್ಲುವ ಯಾವ ಊರಿನಲ್ಲಾದರೂ ಇಳಿಯಬಹುದು, ಕೆಲಸ ಮುಗಿಸಿ ಹಿಂದೆ ಬರುವ ರೈಲಿಗೋ ಅದರ ನಂತರದ್ದಕ್ಕೋ ಹತ್ತಬಹುದು. ದಿನಕ್ಕೆ ಎಷ್ಟು ಸಲ ಎಂಬ ಲೆಕ್ಕವೇ ಇಲ್ಲ.

ಬಿಡಿ ಟಿಕೆಟ್ಟಿಗೆ ಈ ಸ್ವಾತಂತ್ರ್ಯ ಇಲ್ಲ. ದಾರಿಯ ನಡುವೆ ಇಳಿದು ಅದೇ ಟಿಕೆಟ್ಟಿನಲ್ಲಿ ಪ್ರಯಾಣ ಮುಂದುವರಿಸಬೇಕಾದರೆ ಒಟ್ಟು ದೂರ 500 ಕಿ.ಮೀ. ದಾಟಿರಬೇಕು. ಮೈಸೂರು–ಬೆಂಗಳೂರು ಹಳಿ 138 ಕಿ.ಮೀ., ಮಂಡ್ಯದಿಂದ ಸುಮಾರು 93. ಆದ್ದರಿಂದ ಮಂಡ್ಯದಲ್ಲಿ ಬೆಂಗಳೂರಿಗೆ ಟಿಕೆಟ್ ತೆಗೆದು ಚನ್ನಪಟ್ಟಣದಲ್ಲಿ ಇಳಿದರೆ ಆ ಟಿಕೆಟ್ ಅಲ್ಲಿಗೇ ಮುಗಿಯಿತು, ಮುಂದಕ್ಕೆ ಹೊಸದು ಬೇಕು. ಪಾಸ್ ಇದ್ದವರು ಚನ್ನಪಟ್ಟಣದಲ್ಲಿ ಮಗುವಿಗೊಂದು ಮರದ ಗೊಂಬೆ ಕೊಂಡು, ರಾಮನಗರದಲ್ಲಿ ಬ್ಯಾಂಕಿನ ಕೆಲಸ ಮುಗಿಸಿ, ಕೆಂಗೇರಿಯಲ್ಲಿ ಇಳಿದು ಮನೆ ಸೇರಬಹುದು, ಮೂರು ರೈಲು ಹಿಡಿದರೂ ಒಂದೇ ಪಾಸು. ಮೈಸೂರು ರಸ್ತೆಯ ಕಡೆ ಕೆಲಸವಿರುವವರು ಮೆಜೆಸ್ಟಿಕ್‌ವರೆಗೆ ಹೋಗಿ ವಾಪಸ್ ಬರುವ ಪಾಡು ಬೇಡ. ಕೆಂಗೇರಿಯಲ್ಲೇ ಇಳಿದು, ಬೇಕೆಂದ ದಿನ ನಗರದವರೆಗೂ ಹೋಗಬಹುದು.

ಇನ್ನು ಲೆಕ್ಕ. ಪಾಸಿಗೆ ಗರಿಷ್ಠ ದೂರ 150 ಕಿ.ಮೀ. ದ್ವಿತೀಯ ದರ್ಜೆಯ ತಿಂಗಳ ಪಾಸಿನ ದರ ಸುಮಾರು 15 ಬಿಡಿ ಪ್ರಯಾಣಗಳ ದರಕ್ಕೆ ಸಮ ಎಂದು ಹೇಳುತ್ತಾರೆ. ಆದರೆ ಈ 15 ಲೆಕ್ಕ ಹಾಕುವುದು ಆರ್ಡಿನರಿ, ಅಂದರೆ ಪ್ಯಾಸೆಂಜರ್ ರೈಲಿನ ದರದ ಮೇಲೆ. ನಾವು ದಿನಾ ಹತ್ತುವುದು ಬಹುಪಾಲು ಎಕ್ಸ್‌ಪ್ರೆಸ್, ಅದರ ಬಿಡಿ ಟಿಕೆಟ್ ಇನ್ನೂ ದುಬಾರಿ. ಕನಿಷ್ಠ ದರವನ್ನೇ ನೋಡಿ: ಆರ್ಡಿನರಿಗೆ 10 ರೂಪಾಯಿ, ಎಕ್ಸ್‌ಪ್ರೆಸ್‌ಗೆ 30. ಹಾಗಾಗಿ ದಿನಾ ಓಡಾಡದೆ ವಾರಕ್ಕೆರಡು ಸಲ ಮಾತ್ರ ಹೋಗಿಬರುವವರಿಗೂ ಹಲವು ನಿಲ್ದಾಣಗಳಿಂದ ಪಾಸೇ ಅಗ್ಗ. ರೈಲ್ವೆಯ ರೈಲ್‌ಒನ್ ಆ್ಯಪಿನಲ್ಲಿ ಎರಡೂ ದರ ತೆರೆದು, ಪಾಸಿನ ದರವನ್ನು ಎಕ್ಸ್‌ಪ್ರೆಸ್‌ನ ಬಿಡಿ ದರದಿಂದ ಭಾಗಿಸಿ ನೋಡಿ. ತಿಂಗಳ ನಿಮ್ಮ ಪ್ರಯಾಣಗಳು ಆ ಸಂಖ್ಯೆಗಿಂತ ಹೆಚ್ಚಿದ್ದರೆ ಪಾಸ್ ತೆಗೆಯಿರಿ. ಹೋಗುವುದು ಒಂದು, ಬರುವುದು ಇನ್ನೊಂದು ಎಂದು ಎಣಿಸಬೇಕು. 2025ರ ಜುಲೈ 1ರಂದು ಎಕ್ಸ್‌ಪ್ರೆಸ್ ದರ ಏರಿದಾಗಲೂ ಪಾಸಿನ ದರ ಹಾಗೇ ಉಳಿಯಿತು. ಅಂದಿನಿಂದ ಈ ಲೆಕ್ಕ ಪಾಸಿನ ಕಡೆಗೆ ಇನ್ನಷ್ಟು ವಾಲಿದೆ.

ಮೂರು ತಿಂಗಳ ಪಾಸ್ ತಿಂಗಳ ದರದ 2.7 ಪಟ್ಟು, ಆರು ತಿಂಗಳದು 5.4, ವರ್ಷದ್ದು 10.8. ಭಾಗಿಸಿದರೆ ಮೂರರಲ್ಲೂ ತಿಂಗಳಿಗೆ 0.9 ಬೀಳುತ್ತದೆ. ಅಂದರೆ ಸಿಗುವ ಶೇ 10 ಉಳಿತಾಯವೆಲ್ಲ ಮೂರು ತಿಂಗಳಿಗೇ ಸಿಕ್ಕಿಬಿಡುತ್ತದೆ, ವರ್ಷದ್ದಕ್ಕೆ ಅದರ ಮೇಲೆ ಒಂದು ಪೈಸೆಯೂ ಹೆಚ್ಚು ರಿಯಾಯಿತಿ ಇಲ್ಲ. ಸಂಬಳದಲ್ಲಿ ಲೆಕ್ಕ ಹಾಕಿ ಬದುಕುವ ನನ್ನಂಥವರಿಗೆ ಮೂರು ತಿಂಗಳ ಪಾಸೇ ಸರಿ. ಕೆಲಸ ಬದಲಾದರೂ ಮನೆ ಬದಲಾದರೂ ಕಳೆದುಹೋಗುವ ದುಡ್ಡು ಕಡಿಮೆ. ಸರತಿಯಲ್ಲಿ ನಿಲ್ಲುವುದೇ ಬೇಡ ಎನ್ನುವವರು ವರ್ಷದ್ದು ತೆಗೆದುಕೊಳ್ಳಲಿ.

ಕೌಂಟರಿನಲ್ಲಿ ಮಾಡಿಸುವವರಿಗೆ ಫೋಟೊ ಅಂಟಿಸಿದ ಗುರುತಿನ ಚೀಟಿ ಬೇಕು. ಅದರ ಸಂಖ್ಯೆಯೇ ಪಾಸಿನ ಮೇಲೂ ಬರುತ್ತದೆ, ಎರಡೂ ಜೊತೆಗಿದ್ದರಷ್ಟೇ ಪಾಸಿಗೆ ಬೆಲೆ. ಮೊಬೈಲಿನಲ್ಲಾದರೆ 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆ್ಯಪ್ ಸಾಕು, ಕಾಯ್ದಿರಿಸದ ಟಿಕೆಟ್ಟಿನ ಹಳೆಯ ಯುಟಿಎಸ್ ಆ್ಯಪಿನ ಖಾತೆಯ ವಿವರದಿಂದಲೇ ಒಳಹೋಗಬಹುದು. ಹೊಸ ಪಾಸ್ ಸಾಮಾನ್ಯವಾಗಿ ಮಾರನೆಯ ದಿನದಿಂದ ಚಾಲ್ತಿಗೆ ಬರುತ್ತದೆ. ಹಣ ಕಟ್ಟುವ ಮುಂಚೆ ಪರದೆಯ ಮೇಲಿನ ದಿನಾಂಕ ಓದಿ, ಬೆಳಿಗ್ಗೆ ಮಾಡಿಸಿ ಅವತ್ತೇ ಹತ್ತಿಬಿಡಬೇಡಿ. ನವೀಕರಣವನ್ನು ಅವಧಿ ಮುಗಿಯುವ 10 ದಿನ ಮೊದಲೇ ಮಾಡಬಹುದು. ಕೊನೆಯ ದಿನದವರೆಗೆ ಎಳೆದರೆ ಸರ್ವರ್ ಕೈಕೊಟ್ಟ ಬೆಳಿಗ್ಗೆ ಬಿಡಿ ಟಿಕೆಟ್ ತೆಗೆಯಬೇಕಾಗುತ್ತದೆ.

ಇಲ್ಲಿಂದ ಮುಂದೆ ಹೊಗಳಿಕೆ ಕಡಿಮೆಯಾಗುತ್ತದೆ. ಈ ಸೇವೆಯ ದೊಡ್ಡ ಕೊರತೆ ಎಂದರೆ, ಯಾವ ರೈಲಿಗೆ, ಯಾವ ಬೋಗಿಗೆ ಪಾಸ್ ನಡೆಯುತ್ತದೆ ಎಂಬುದನ್ನು ಹತ್ತುವ ಜಾಗದಲ್ಲಿ ತಿಳಿಸುವ ವ್ಯವಸ್ಥೆಯೇ ಇಲ್ಲ. ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುವ ಗಾಡಿಗಳೆಲ್ಲ ನೋಡಲು ಒಂದೇ. ಒಡೆಯರ್ ಎಕ್ಸ್‌ಪ್ರೆಸ್ (2022ರವರೆಗೆ ಅದು ಟಿಪ್ಪು ಎಕ್ಸ್‌ಪ್ರೆಸ್) ಹೆಸರಿನಲ್ಲಿ ಎಕ್ಸ್‌ಪ್ರೆಸ್, ಲೆಕ್ಕದಲ್ಲಿ ಸೂಪರ್‌ಫಾಸ್ಟ್. ಚಾಮುಂಡಿ ಎಕ್ಸ್‌ಪ್ರೆಸ್ ಬರೀ ಎಕ್ಸ್‌ಪ್ರೆಸ್. ಹೆಸರು ನೋಡಿ ಇದು ತಿಳಿಯುವುದಿಲ್ಲ, ಸಂಖ್ಯೆ ನೋಡಬೇಕು. ಐದಂಕಿಯ ಸಂಖ್ಯೆ 12, 20 ಅಥವಾ 22ರಿಂದ ಶುರುವಾದರೆ ಸೂಪರ್‌ಫಾಸ್ಟ್, 16ರಿಂದ ಶುರುವಾದರೆ ಸಾಮಾನ್ಯ ಎಕ್ಸ್‌ಪ್ರೆಸ್, 66ರಿಂದ ಶುರುವಾದರೆ ಮೆಮು, ಅಂದರೆ ಚಿಕ್ಕ ನಿಲ್ದಾಣಗಳಲ್ಲೂ ನಿಲ್ಲುವ ವಿದ್ಯುತ್ ಪ್ಯಾಸೆಂಜರ್ ರೈಲು. ಒಡೆಯರ್ 12613–12614, ಚಾಮುಂಡಿ 16215–16216.

ಸೂಪರ್‌ಫಾಸ್ಟ್‌ಗೆ ಹತ್ತಬೇಕಾದರೆ ಸರ್ಚಾರ್ಜ್ ಬೇರೆ ಕಟ್ಟಬೇಕು. ಬಿಡಿ ಪ್ರಯಾಣಕ್ಕೆ ದ್ವಿತೀಯ ದರ್ಜೆಯಲ್ಲಿ ಅದು 15 ರೂಪಾಯಿ. ದಿನಾ ಸೂಪರ್‌ಫಾಸ್ಟ್ ಹಿಡಿಯುವವರು ಪಾಸ್ ಮಾಡಿಸುವಾಗಲೇ ಅದನ್ನು ಸೇರಿಸಿಕೊಳ್ಳಲಿ, ಅಪರೂಪಕ್ಕೆ ಹತ್ತುವವರು ಅವತ್ತು ಕೌಂಟರಿನಲ್ಲಿ ಸರ್ಚಾರ್ಜ್ ಟಿಕೆಟ್ ಮಾತ್ರ ಕೊಳ್ಳಲಿ. ಹದಿನೈದು ರೂಪಾಯಿ ತಾನೇ ಎಂದು ಬಿಟ್ಟರೆ ತಪಾಸಣೆಯಲ್ಲಿ ವ್ಯತ್ಯಾಸದ ಜೊತೆಗೆ ಕನಿಷ್ಠ 250 ರೂಪಾಯಿ ದಂಡ. 1989ರ ರೈಲ್ವೆ ಕಾಯ್ದೆಯ 138ನೇ ಕಲಮಿನಡಿ ವಸೂಲಾಗುವ ಈ ಮೊತ್ತ ಟಿಕೆಟ್ಟೇ ಇಲ್ಲದವರಿಗೂ ಅಷ್ಟೇ. ತಿಂಗಳಿಡೀ ದುಡ್ಡು ಕಟ್ಟಿದವರನ್ನೂ ಏನೂ ಕಟ್ಟದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ನ್ಯಾಯವೆನಿಸುವುದಿಲ್ಲ. ಆದರೂ ನಿಯಮ ಅದೇ, ಟಿಕೆಟ್ ತಪಾಸಣೆಗೆ ಬರುವ ಟಿಟಿಇ ಜೊತೆ ವಾದಿಸಿ ಉಪಯೋಗವಿಲ್ಲ.

ಬೋಗಿಯದೂ ಇದೇ ಕತೆ. ಪಾಸ್ ನಡೆಯುವುದು ಕಾಯ್ದಿರಿಸದ ಬೋಗಿಗಳಲ್ಲಿ. ಡಿ1, ಡಿ2 ಎಂದು ಬರೆದವು ಕಾಯ್ದಿರಿಸಿದ ದ್ವಿತೀಯ ದರ್ಜೆಯ ಆಸನಗಳು. ಒಳಗೆ ನೋಡಿದರೆ ಜನರಲ್ ಬೋಗಿಗೂ ಅವಕ್ಕೂ ಅಂಥ ಭೇದ ಕಾಣದು. ಎದುರಿಗೆ ಇಪ್ಪತ್ತು ಸೀಟು ಖಾಲಿ ಬಿದ್ದಿದ್ದರೂ ಪಾಸಿನವರು ಅಲ್ಲಿ ಕೂತರೆ ಆ ದರ್ಜೆಗೆ ಟಿಕೆಟ್ ಇಲ್ಲದವರೆಂದೇ ಲೆಕ್ಕ. ಶತಾಬ್ದಿ, ವಂದೇ ಭಾರತ್‌ಗಳಲ್ಲಿ ಕಾಯ್ದಿರಿಸದ ಬೋಗಿಯೇ ಇಲ್ಲ, ಹಾಗಾಗಿ ಪಾಸಿನವರು ಅವನ್ನು ಮರೆತೇಬಿಡಬೇಕು. ದೂರದಿಂದ ಬರುವ ಗಾಡಿಗಳಲ್ಲಿ ಜನರಲ್ ಬೋಗಿ ಹಿಂದೆ ಮುಂದೆ ಎರಡು ತುದಿಗೆ ಇರುವುದು ಹೆಚ್ಚು. ರೈಲುಗಳ ಓಡಾಟ ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ಬೋಗಿಗಳ ಕ್ರಮ ಸಿಗುತ್ತದೆ. ಅದನ್ನು ನೋಡಿ ಮೊದಲೇ ಆ ತುದಿಗೆ ನಡೆದು ನಿಂತರೆ, ಎರಡು ನಿಮಿಷ ನಿಲ್ಲುವ ಗಾಡಿಯ ಹಿಂದೆ ಓಡಿ ಅವಸರದಲ್ಲಿ ಡಿ ಬೋಗಿಗೆ ನುಗ್ಗುವುದು ತಪ್ಪುತ್ತದೆ. ಮೊಣಕಾಲು ನೋವಿದ್ದರೆ ಅಥವಾ ಕೂತೇ ಹೋಗಬೇಕಾದ ದಿನ ಪಾಸನ್ನು ಪಕ್ಕಕ್ಕಿಟ್ಟು ಸೀಟು ಕಾಯ್ದಿರಿಸುವುದೇ ಮೇಲು. ಕಾಯ್ದಿರಿಸುವ ಶುಲ್ಕ 15 ರೂಪಾಯಿ, ಐಆರ್‌ಸಿಟಿಸಿಯಲ್ಲಿ ಯುಪಿಐ ಮೂಲಕ ಕಟ್ಟಿದರೆ ಅದರ ಮೇಲೆ 10 ರೂಪಾಯಿ ಮತ್ತು ತೆರಿಗೆ.

ತುದಿ ನಿಲ್ದಾಣವನ್ನು ಯೋಚಿಸಿ ಆರಿಸಬೇಕು. ಮೈಸೂರಿನವರೆಗಿನ ಪಾಸಿನಲ್ಲಿ ಅಶೋಕಪುರಂವರೆಗೆ ಹೋಗುವಂತಿಲ್ಲ, ಬೆಂಗಳೂರು ಕೆಎಸ್‌ಆರ್‌ (ಮೆಜೆಸ್ಟಿಕ್ ಬಳಿಯ ನಿಲ್ದಾಣ) ವರೆಗಿನ ಪಾಸಿನಲ್ಲಿ ಯಶವಂತಪುರಕ್ಕೆ ಹೋಗುವಂತಿಲ್ಲ. ರೈಲು ಮುಂದೆ ಹೋಗುತ್ತದೆಂದು ಪಾಸೂ ಹೋಗುವುದಿಲ್ಲ. ದರ ದೂರದ ಹಂತಗಳ ಮೇಲೆ ನಿಂತಿರುವುದರಿಂದ ನಾಲ್ಕೈದು ಕಿ.ಮೀ. ಹೆಚ್ಚಾದರೆ ಬೆಲೆ ಅಷ್ಟೇನೂ ಏರುವುದಿಲ್ಲ, ಕೆಲವೊಮ್ಮೆ ಏರುವುದೇ ಇಲ್ಲ. ವಾರಕ್ಕೊಂದು ಸಲವಾದರೂ ಯಶವಂತಪುರದ ಕೆಲಸವಿದ್ದರೆ ಅಲ್ಲಿಯವರೆಗೇ ಮಾಡಿಸಿ, ಮೈಸೂರಿನಿಂದಲೂ ಅದು 150 ಕಿ.ಮೀ. ಒಳಗೇ ಬರುತ್ತದೆ.

ಇಷ್ಟೆಲ್ಲ ತಲೆನೋವು ಬೇಡವೆನ್ನುವವರಿಗೆ ಮೆಮು ಇದೆ. ಎಲ್ಲ ಬೋಗಿಯೂ ಕಾಯ್ದಿರಿಸದ್ದು, ಸರ್ಚಾರ್ಜಿನ ಪ್ರಶ್ನೆಯಿಲ್ಲ, ಹನಕೆರೆ, ಶೆಟ್ಟಿಹಳ್ಳಿಯಂಥ ಚಿಕ್ಕ ನಿಲ್ದಾಣಗಳಲ್ಲೂ ನಿಲ್ಲುತ್ತದೆ. ಎಕ್ಸ್‌ಪ್ರೆಸ್‌ಗಳಿಗೆ ದಾರಿ ಬಿಟ್ಟು ನಿಧಾನವಾಗಿ ಬರುತ್ತದೆ ಎಂಬುದೊಂದೇ ಕೊರತೆ. ಹೊತ್ತಿಗೆ ಸರಿಯಾಗಿ ಹಾಜರಾತಿ ಹಾಕಬೇಕಾದವರು ಬೆಳಿಗ್ಗೆ ಎಕ್ಸ್‌ಪ್ರೆಸ್, ಸಂಜೆ ಮೆಮು ಎಂದು ಹಂಚಿಕೊಂಡರೆ ಚೆನ್ನ. ಸಂಜೆಯ ಮೆಮುವಿನಲ್ಲಿ ಕೆಂಗೇರಿ, ಬಿಡದಿಗಳಲ್ಲಿ ಜನ ಇಳಿಯುತ್ತಿದ್ದಂತೆ ಸೀಟು ಸಿಗುತ್ತವೆ. ನಿಂತು ಬರುವವರು ರಾಮನಗರಕ್ಕೆ ಇಳಿಯುವವರು ಯಾರೆಂದು ಮೊದಲೇ ಕೇಳಿಟ್ಟುಕೊಳ್ಳುತ್ತಾರೆ, ಅದು ಈ ದಾರಿಯಲ್ಲಿ ಒಪ್ಪಿತ ಪದ್ಧತಿ. ಬೆಳಿಗ್ಗೆ ಬೆಂಗಳೂರಿನ ಕಡೆ ಹೊರಟಾಗ ಈಶಾನ್ಯಕ್ಕೆ ಮುಖ, ಬಿಸಿಲು ಬಲಗಡೆ. ಸಂಜೆ ವಾಪಸ್ ಬರುವಾಗ ನೈಋತ್ಯಕ್ಕೆ ಮುಖ, ಬಿಸಿಲು ಆಗಲೂ ಬಲಗಡೆಯೇ. ಎರಡು ಹೊತ್ತೂ ರೈಲು ಹೋಗುವ ದಿಕ್ಕಿಗೆ ಎಡಗಡೆಯ ಕಿಟಕಿ ಹಿಡಿದರೆ ಬೇಸಿಗೆಯಲ್ಲೂ ಕಣ್ಣು ಮುಚ್ಚಿ ಒಂದು ನಿದ್ದೆ ತೆಗೆಯಬಹುದು. ಮದ್ದೂರಿನಲ್ಲಿ ವಡೆಯವರು ಹತ್ತುವುದರೊಳಗೆ ಚಿಲ್ಲರೆ ತೆಗೆದಿಟ್ಟುಕೊಂಡಿರಿ. ಈರುಳ್ಳಿ ಸೇರಿ ಗರಿಗರಿಯಾಗಿ ಬೆಂದ ಆ ವಡೆ ಬಿಸಿ ಆರಿದರೂ ರುಚಿಯೇ, ಮಂಡ್ಯದವರೆಗೆ ಒಂದೊಂದೇ ಮುರಿದು ತಿನ್ನಬಹುದು.

ಪಾಸಿಲ್ಲದ ನೆಂಟರು ಜೊತೆಗೆ ಬಂದಾಗ ಬಿಡಿ ಟಿಕೆಟ್ಟಿನ ನಿಯಮ ಗೊತ್ತಿರಬೇಕು. 199 ಕಿ.ಮೀ. ಒಳಗಿನ ಕಾಯ್ದಿರಿಸದ ಟಿಕೆಟ್ ತೆಗೆದ ಮೇಲೆ 3 ಗಂಟೆಯೊಳಗೆ, ಇಲ್ಲವೇ ಆ ಕಡೆಗೆ ಹೊರಡುವ ಮೊದಲ ರೈಲಿನವರೆಗೆ, ಯಾವುದು ತಡವೋ ಅದರೊಳಗೆ ಪ್ರಯಾಣ ಶುರುಮಾಡಬೇಕು. ಬೆಳಿಗ್ಗೆಯೇ ಸಂಜೆಯ ಟಿಕೆಟ್ ತೆಗೆದಿಡುವುದು ವ್ಯರ್ಥ. ಮೊಬೈಲಿನಲ್ಲಿ ತೆಗೆಯುವಾಗ ಆರ್ಡಿನರಿ, ಎಕ್ಸ್‌ಪ್ರೆಸ್, ಸೂಪರ್‌ಫಾಸ್ಟ್ ಎಂಬ ಸಾಲು ಬರುತ್ತದೆ. ಅಗ್ಗವೆಂದು ಆರ್ಡಿನರಿ ಒತ್ತಿ ಚಾಮುಂಡಿಗೆ ಹತ್ತುವವರು ಬಹಳ, ಸಿಕ್ಕಿಬೀಳುವವರೂ ಬಹಳ. ಕಾಗದರಹಿತ ಟಿಕೆಟ್ಟನ್ನು ಹಳಿಯ ಹತ್ತಿರ, ನಿಲ್ದಾಣದೊಳಗೆ ನಿಂತು ತೆಗೆಯಲು ಆ್ಯಪ್ ಬಿಡುವುದಿಲ್ಲ, ರೈಲು ಹತ್ತಿದ ಮೇಲೆ ಟಿಟಿಇ ಕಂಡಾಗ ಟಿಕೆಟ್ ತೆಗೆಯುವುದನ್ನು ತಡೆಯಲು ಈ ಏರ್ಪಾಡು. ಮನೆಯಿಂದಲೋ ಆಟೊದಲ್ಲಿ ಬರುವಾಗಲೋ ತೆಗೆಯಿರಿ. ಮರೆತಿದ್ದರೆ ನಿಲ್ದಾಣದಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅಲ್ಲಿಂದಲೇ ಸಿಗುತ್ತದೆ. ಹಾಗೆ ತೆಗೆದದ್ದನ್ನು ರದ್ದು ಮಾಡಲಾಗದು. ಆ್ಯಪಿನೊಳಗಿನ ಆರ್-ವ್ಯಾಲೆಟ್ ಎಂಬ ಖಾತೆಯಲ್ಲಿ ಮೊದಲೇ ಸ್ವಲ್ಪ ಹಣ ಇಟ್ಟಿದ್ದರೆ ಶೇ 3 ರಿಯಾಯಿತಿ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನೆಟ್‌ವರ್ಕ್ ಮಂದವಿದ್ದಾಗ ಬ್ಯಾಂಕಿನ ಪುಟ ಸುತ್ತುತ್ತ ಕೂರುವ ಕಷ್ಟ ಇರುವುದಿಲ್ಲ.

ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಟಿಕೆಟ್ಟಾಗಲಿ ಪಾಸಾಗಲಿ, ಆ್ಯಪ್ ತೆರೆದೇ ತೋರಿಸಬೇಕು. ಫೋನು ಸತ್ತರೆ ಟಿಕೆಟ್ ಇಲ್ಲವೆಂದೇ ಅರ್ಥ. ಬ್ಯಾಟರಿ ನಂಬಲಾಗದ ಹಳೆಯ ಫೋನಿನವರು ಕಾಗದದ ಪಾಸನ್ನೇ ಮಾಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಗುರುತಿನ ಚೀಟಿಯ ಬೆನ್ನಿಗೆ ಇಟ್ಟುಕೊಳ್ಳಲಿ, ಶರ್ಟಿನ ಜೇಬಿನ ಬೆವರಿಗೆ ಅಕ್ಷರ ಅಳಿಸಿಹೋಗುತ್ತದೆ.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಪಾಸಿಗೆ ದುಡ್ಡು ಕೊಡುವ ಮುಂಚೆ ಕೌಂಟರಿನಲ್ಲಿ ವಿಚಾರಿಸಿ. ಹೆಣ್ಣುಮಕ್ಕಳಿಗೆ ಪದವಿಯವರೆಗೆ, ಗಂಡುಮಕ್ಕಳಿಗೆ 12ನೇ ತರಗತಿಯವರೆಗೆ ಮನೆ ಮತ್ತು ಶಾಲೆ-ಕಾಲೇಜಿನ ನಡುವೆ ದ್ವಿತೀಯ ದರ್ಜೆಯ ತಿಂಗಳ ಪಾಸ್ ಉಚಿತ. ಕಾಲೇಜಿನವರು ಮೊಹರು ಹಾಕಿಕೊಟ್ಟ ಪ್ರಮಾಣಪತ್ರ ಬೇಕು, ಅದರಲ್ಲಿ ಬರೆದ ನಿಲ್ದಾಣದ ಹೆಸರು ಮನೆಯ ವಿಳಾಸಕ್ಕೆ ಹೊಂದಬೇಕು. ಜೂನ್ ತಿಂಗಳಲ್ಲಿ ಈ ಸಾಲು ಉದ್ದವಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಹೋಗಿ.