ಅಮೆಜಾನ್ ಕನೆಕ್ಟ್: ಕರೆಗಳ ರೆಕಾರ್ಡಿಂಗ್ ಮತ್ತು ಭದ್ರತೆ, ಒಂದು ವಿಮರ್ಶೆ

ಕಾಲ್ ಸೆಂಟರ್‌ಗಳಿಗೆಂದು ಅಮೆಜಾನ್ 2017ರಲ್ಲಿ ಹೊರತಂದ ಕ್ಲೌಡ್ ಸೇವೆ ‘ಅಮೆಜಾನ್ ಕನೆಕ್ಟ್’. ಅದು ಕರೆಗಳನ್ನು ಹೇಗೆ ರೆಕಾರ್ಡ್ ಮಾಡುತ್ತದೆ, ರೆಕಾರ್ಡ್ ಆದದ್ದನ್ನು ಎಷ್ಟು ಭದ್ರವಾಗಿಡುತ್ತದೆ ಎಂಬುದನ್ನಷ್ಟೇ ಇಲ್ಲಿ ಪರಿಶೀಲಿಸಿದ್ದೇನೆ.

ರೆಕಾರ್ಡಿಂಗ್‌ನ ವಿಷಯದಲ್ಲಿ ದೂರಲು ಹೆಚ್ಚೇನಿಲ್ಲ. ಸಂಭಾಷಣೆ ಸ್ಟೀರಿಯೋ ಕಡತವಾಗಿ ಉಳಿಯುತ್ತದೆ. ಏಜೆಂಟರ ದನಿ ಬಲಗಡೆ, ಗ್ರಾಹಕರ ಹಾಗೂ ನಡುವೆ ಸೇರಿಕೊಂಡ ಇತರರ ದನಿ ಎಡಗಡೆ. ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಕರೆ ಕೇಳುವ ಕ್ವಾಲಿಟಿ ವಿಭಾಗದವರಿಗೆ ಇದರ ಬೆಲೆ ಗೊತ್ತು: ಇಬ್ಬರೂ ಒಟ್ಟಿಗೆ ಮಾತಾಡಿದಾಗಲೂ ಯಾರು ಯಾರ ಮಾತಿಗೆ ಅಡ್ಡ ಬಂದರು ಎಂಬುದು ಅನುಮಾನವಿಲ್ಲದೆ ತಿಳಿಯುತ್ತದೆ. ಗ್ರಾಹಕರನ್ನು ಹೋಲ್ಡ್‌ನಲ್ಲಿ ಇಟ್ಟಾಗಲೂ ಏಜೆಂಟರ ದನಿ ದಾಖಲಾಗುತ್ತಲೇ ಇರುತ್ತದೆ. ಹೋಲ್ಡ್ ಒತ್ತಿ, ಪಕ್ಕದ ಸೀಟಿನವರ ಬಳಿ ‘ಈ ಯಪ್ಪ ಬಿಡ್ತಾನೇ ಇಲ್ಲ ಮಾರಾಯ’ ಎಂದು ಗೊಣಗಿದರೆ ಅದೂ ಕಡತ ಸೇರುತ್ತದೆ. ಮ್ಯೂಟ್ ಒತ್ತಿದ್ದರೆ ಸೇರುವುದಿಲ್ಲ. ಹೊಸಬರಿಗೆ ತರಬೇತಿಯಲ್ಲಿ ಮೊದಲು ಹೇಳಬೇಕಾದ ಸಂಗತಿ ಇದು.

‘ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ’ ಎಂಬ ಪ್ರಕಟಣೆ ಮಾತ್ರ ತಾನಾಗಿ ಬರುವುದಿಲ್ಲ. ಕರೆಯ ಹರಿವನ್ನು ವಿನ್ಯಾಸಗೊಳಿಸುವವರು ರೆಕಾರ್ಡಿಂಗ್ ಅನ್ನೂ ಪ್ರಕಟಣೆಯನ್ನೂ ಬೇರೆ ಬೇರೆಯಾಗಿ ಸೇರಿಸಬೇಕು. ಒಂದನ್ನು ಸೇರಿಸಿ ಇನ್ನೊಂದನ್ನು ಮರೆತರೆ ಎಚ್ಚರಿಸುವವರಿಲ್ಲ. ಗೌಪ್ಯ ಸಂಭಾಷಣೆಯನ್ನು ದಾಖಲಿಸಲು ಎಲ್ಲ ಪಕ್ಷಗಳ ಒಪ್ಪಿಗೆ ಬೇಕೆನ್ನುವ ಕ್ಯಾಲಿಫೋರ್ನಿಯಾದಂಥ ರಾಜ್ಯಗಳ ಕರೆಗಳು ಬೆಂಗಳೂರಿನ ಮೇಜುಗಳಿಗೆ ಬರುವುದು ಹೊಸತೇನಲ್ಲ. ಅಲ್ಲಿ ಈ ಮರೆವು ದುಬಾರಿಯಾದೀತು.

ಕಾರ್ಡ್ ವಿವರಗಳ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಪಾವತಿ ಕಾರ್ಡ್ ಉದ್ಯಮದ ಪಿಸಿಐ ಡಿಎಸ್ಎಸ್ ನಿಯಮಗಳ ಪ್ರಕಾರ, ಪಾವತಿಗೆ ಅನುಮೋದನೆ ಸಿಕ್ಕ ಮೇಲೆ ವ್ಯಾಪಾರಿಗಳು ಸಿವಿವಿ ಸಂಖ್ಯೆಯನ್ನು ಎನ್‌ಕ್ರಿಪ್ಟ್ ಮಾಡಿಯೂ (ಕೀಲಿಯಿಲ್ಲದೆ ಓದಲಾಗದಂತೆ ಗೂಢಲಿಪಿಗೆ ಬದಲಿಸಿಯೂ) ಇಟ್ಟುಕೊಳ್ಳುವಂತಿಲ್ಲ, ಮತ್ತು ಈ ನಿಷೇಧ ಧ್ವನಿ ಕಡತಗಳಿಗೂ ಅನ್ವಯಿಸುತ್ತದೆ. ಕನೆಕ್ಟ್‌ನಲ್ಲಿ ರೆಕಾರ್ಡಿಂಗ್ ಅನ್ನು ನಡುವೆ ತಡೆದು ಮತ್ತೆ ಮುಂದುವರಿಸಬಹುದು. ಆ ಭಾಗ ಕಡತದಲ್ಲಿ ಮೌನವಾಗಿ ಉಳಿಯುತ್ತದೆ. ಆದರೆ ಗ್ರಾಹಕರು ಕೇಳುವ ಮೊದಲೇ ಸಂಖ್ಯೆಗಳನ್ನು ಒದರಲು ಶುರುಮಾಡಿದರೆ ಏಜೆಂಟರ ಬೆರಳು ಸಕಾಲಕ್ಕೆ ಗುಂಡಿಯ ಮೇಲಿರುತ್ತದೆ ಎಂದು ನಂಬುವುದು ಕಷ್ಟ. ಕಾರ್ಡ್ ಸಂಖ್ಯೆಯನ್ನು ಗ್ರಾಹಕರೇ ಫೋನಿನ ಕೀಲಿಗಳಲ್ಲಿ ಒತ್ತುವಂತೆ ಮಾಡಿ, ಅದನ್ನು ಅಲ್ಲಿಯೇ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯವೂ ಇದರಲ್ಲಿದೆ. ಜೋಡಿಸಲು ಶ್ರಮ ಹೆಚ್ಚು, ಆದರೂ ನನ್ನ ಮತ ಅದಕ್ಕೇ.

ಮುಗಿದ ಕರೆಯ ಕಡತ ಅಮೆಜಾನ್‌ನದೇ ಎಸ್3 ಎಂಬ ಕ್ಲೌಡ್ ಸಂಗ್ರಹದಲ್ಲಿ, ಸಂಸ್ಥೆಯ ಸ್ವಂತ ಖಾತೆಯಡಿ, ಎನ್‌ಕ್ರಿಪ್ಟ್ ಆಗಿ ಕೂರುತ್ತದೆ. ಬೀಗ ಗಟ್ಟಿಯಾಗಿದೆ, ಕೀಲಿಕೈ ಯಾರ ಕೈಯಲ್ಲಿದೆ ಎಂಬುದನ್ನು ಮಾತ್ರ ನಾವೇ ನೋಡಿಕೊಳ್ಳಬೇಕು. ಕನೆಕ್ಟ್‌ನ ಪರದೆಯಲ್ಲಿ ಯಾರು ಕೇಳಬಹುದು, ಯಾರು ಡೌನ್‌ಲೋಡ್ ಮಾಡಬಹುದು ಎಂದು ಅನುಮತಿಗಳನ್ನು ಬಿಗಿಯಾಗಿ ಹಂಚಬಹುದು. ಆದರೆ ಎಸ್3 ಸಂಗ್ರಹಕ್ಕೂ ಅದರ ಎನ್‌ಕ್ರಿಪ್ಷನ್ ಕೀಲಿಗೂ ನೇರ ಪ್ರವೇಶವಿರುವ ಐಟಿ ಸಿಬ್ಬಂದಿಗೆ ಆ ಅನುಮತಿಗಳು ಅಡ್ಡಬರುವುದಿಲ್ಲ; ಹಾಗೆ ಕಡತ ತೆರೆದವರ ವಿವರ, ಯಾರು ಏನು ಮಾಡಿದರೆಂದು ಬರೆದಿಡುವ ಅಮೆಜಾನ್‌ನ ಕ್ಲೌಡ್‌ಟ್ರೈಲ್ ಸೇವೆಯಲ್ಲಿ ದಾಖಲಾಗಬೇಕಾದರೂ ಆ ವ್ಯವಸ್ಥೆಯನ್ನು ನಾವೇ ಚಾಲೂ ಮಾಡಬೇಕು. ಅಳಿಸುವ ಅವಧಿಯೂ ಅಷ್ಟೇ. ನಾವು ನಿಗದಿಪಡಿಸದಿದ್ದರೆ ಕಡತಗಳು ರಾಶಿ ಬೀಳುತ್ತಲೇ ಹೋಗುತ್ತವೆ. ಉದ್ದೇಶ ತೀರಿದ ಮೇಲೆ, ಬೇರೆ ಕಾನೂನು ಉಳಿಸಿಕೊಳ್ಳಲು ಹೇಳದ ಹೊರತು, ವೈಯಕ್ತಿಕ ದತ್ತಾಂಶವನ್ನು ಅಳಿಸಬೇಕೆಂದು ಭಾರತದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವಾಗ, ‘ಇರಲಿ ಬಿಡಿ, ಬೇಕಾದೀತು’ ಎಂಬ ಧೋರಣೆ ಸಲ್ಲದು.

ಇಂಥ ಹೊಣೆಗಳನ್ನು ಹೊರಬಲ್ಲ ಒಬ್ಬ ಕ್ಲೌಡ್ ಎಂಜಿನಿಯರ್ ಇರುವ ಸಂಸ್ಥೆಗೆ ಈ ಸೇವೆಯನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಹತ್ತಿಪ್ಪತ್ತು ಸೀಟುಗಳ, ಐಟಿ ಕೆಲಸವನ್ನೆಲ್ಲ ಹೊರಗಿನವರಿಗೆ ವಹಿಸಿರುವ ಕಾಲ್ ಸೆಂಟರ್‌ನವರು, ಎಸ್3 ಸಂಗ್ರಹದ ಅನುಮತಿ ಯಾರ ಹೆಸರಿನಲ್ಲಿರುತ್ತದೆ ಎಂಬುದನ್ನು ಒಪ್ಪಂದದಲ್ಲಿಯೇ ಬರೆಸಿಕೊಂಡು ಮುಂದುವರಿಯುವುದು ಒಳಿತು.